ಬಾಣಂತಿಯ ನೀರು

ರಾಯಚೂರು
೧೦ ಮಾರ್ಚ್ ೧೯೪೬

ದೇವದುರ್ಗದ ಮಹಾಜನರೇ! ದರ್ಜಿ ಬುರ್ಹಾನುದ್ದೀನನ ಕಟ್ಟೆಯ ಮೇಲೆ ಕುಳಿತವರೇ, ಜಾಗ ಸಾಲದೆ ಬೇವಿನ ನೆರಳಿಗೆ ನಿಂತವರೇ, ಸಂತೆಗೆ ಹೊರಟು ಒಂದು ಗಳಿಗೆಗೆಂದು ಬುಟ್ಟಿ ಇಳಿಸಿದವರೇ! ಗೋಡೆಯ ಮರೆಗೆ ನಿಂತು ಸೆರಗಿನೊಳಗೆ ನಗುವ ತಾಯಂದಿರೇ! ಕೆಮ್ಮುವವರು ಈಗಲೇ ಕೆಮ್ಮಿ ಮುಗಿಸಿ. ಮಲಂಗಸಾಬ, ನಿನ್ನ ಬೀಡಿ ಆರಿಸು. ಪರದೆ ಏಳುತ್ತಿದೆ!

ಬುರ್ಹಾನ್, ಇಷ್ಟನ್ನು ಗಟ್ಟಿಯಾಗಿ ಓದಿದೆಯೋ, ಗೊಣಗಿದೆಯೋ? ನಾಟಕ ಕಂಪನಿಯಲ್ಲಿ ನಿನ್ನ ಹಾರ್ಮೋನಿಯಂ ಊರ ಅಗಸೆ ಬಾಗಿಲು ದಾಟಿ ಕೇಳುತ್ತಿತ್ತು, ನಿನ್ನ ಕಂಠ ಮಾತ್ರ ಮೊದಲ ಸಾಲಿಗೂ ಮುಟ್ಟುತ್ತಿರಲಿಲ್ಲ. ಕಂಪನಿ ಮುರಿಯಿತು, ನೀನು ಹೊಲಿಗೆ ಮಿಷಿನ್ ತುಳಿಯುತ್ತಿದ್ದೀಯ, ನಾನು ಗದೆ ಇಟ್ಟು ಔಷಧಿ ಬಾಟಲಿ ಹಿಡಿದಿದ್ದೇನೆ. ಪಾತ್ರ ಬದಲಾಯಿತು, ಗಂಟಲು ಅದೇ. ಆದ್ದರಿಂದ ನನ್ನ ಪತ್ರ ಓದುವಾಗ ನನ್ನ ಗಂಟಲಿನಿಂದ ಓದು.

ಮೇ ತಿಂಗಳಲ್ಲಿ ಕಂಪೌಂಡರ್ ಪರೀಕ್ಷೆ. ಪಾಸಾದರೆ ದೇವದುರ್ಗದ ದವಾಖಾನೆಯ ಕಿಟಕಿಯಲ್ಲಿ ಈ ಪಕೀರಪ್ಪನ ಮುಖ ಕಾಣುತ್ತದೆ. ಇಲ್ಲಿ ನಮಗೆ ಕಲಿಸುವವರು ಹೆಡ್ ಕಂಪೌಂಡರ್ ಅಲ್ಲಾಉದ್ದೀನ್ ಸಾಹೇಬರು. ಇಂಗ್ಲಿಷ್ ಪುಸ್ತಕ ಓದಿ ಉರ್ದುವಿನಲ್ಲಿ ಹೇಳುತ್ತಾರೆ, ನಾವು ನಾಟಕದ ಮಾತಿನ ಹಾಗೆ ಬಾಯಿಪಾಠ ಮಾಡುತ್ತೇವೆ. ನಿನ್ನೆ ನಾನು ಕ್ವಿನೈನಿನ ಪಾಠ ಒಪ್ಪಿಸಿದ ಅಬ್ಬರಕ್ಕೆ ವಾರ್ಡಿನ ರೋಗಿಗಳು ಎದ್ದು ಕುಳಿತರು. ಸಾಹೇಬರು, "ಡೈಲಾಗ್ ಯಾದ್ ರಖತಾ ತೂ, ದವಾ ನೈ! ಮಾತು ನೆನಪಿಡ್ತಿ, ಔಷಧ ಅಲ್ಲ!" ಎಂದರು. ಹೊಟ್ಟೆಕಿಚ್ಚು, ಬಿಡು.

ಈಗ ಮುಖ್ಯ ದೃಶ್ಯ. ನನ್ನ ತಂಗಿ ಗೋಪವ್ವ ನಿಮ್ಮೂರ ಸೊಸೆ, ಈಗ ತುಂಬಿದ ಬಸುರಿ. ನಮ್ಮವ್ವ ಇವಳನ್ನು ಹಡೆದು ಬಾಣಂತಿ ಜ್ವರದಲ್ಲಿ ಹೋದಳು, ಇದು ನಿಮಗೆಲ್ಲ ಗೊತ್ತು. ಆ ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ಬೆಳೆಸಿದವನು ನಾನು. ಅಂದಿನಿಂದ ಆ ಜ್ವರ ನನ್ನ ವೈರಿ. ಮಹಾಜನರೇ, ಆ ವೈರಿಯ ಎದೆಗೆ ಬಾಣ ಸಿಕ್ಕಿದೆ! ಸಲ್ಫಾ ಎಂಬ ಗುಳಿಗೆ! ಬಿಳಿಯದು, ಉರುಟು, ಗುಲಗಂಜಿಗಿಂತ ತುಸು ದೊಡ್ಡದು. ಕಂಪನಿಯ ಏಜೆಂಟನೊಬ್ಬ ಬಣ್ಣದ ಕಾಗದ ಹಂಚಿ ಹೋದ. ಲಡಾಯಿಯಲ್ಲಿ ಗುಂಡು ತಿಂದ ಸಿಪಾಯಿಗಳು ಇದನ್ನು ನುಂಗಿ ಎದ್ದು ನಡೆದರಂತೆ. ಬಾಣಂತಿ ಜ್ವರ ಇದರ ಹೆಸರು ಕೇಳಿದರೆ ಓಣಿ ಬಿಟ್ಟು ಓಡುತ್ತದಂತೆ. ಜ್ವರವೇ, ಎಲ್ಲಿದ್ದೀಯ ಹೊರಗೆ ಬಾ!

ಗೋಪವ್ವಾ, ಅಂಜಬೇಡ. ಅಣ್ಣ ಇದ್ದಾನೆ.

ನಿಮ್ಮ ಪಕೀರಪ್ಪ

*

ದೇವದುರ್ಗ
೧೯ ಮಾರ್ಚ್ ೧೯೪೬

ಪ್ರಿಯ ಪಕೀರಪ್ಪ,

ಓದಿದೆ. ನಿನ್ನ ಗಂಟಲಿನಿಂದಲೇ ಓದಲು ಹೋಗಿ ಗಂಟಲು ಕಟ್ಟಿತು. ಮನೆಯವಳು ಖತೀಜಾ ಮೆಣಸಿನ ಕಷಾಯ ಮಾಡಿಕೊಡುತ್ತ, "ಅವನ ಪತ್ರ ಬಂದರೆ ಈ ಮನುಷ್ಯನಿಗೂ ಹುಚ್ಚು" ಎಂದಳು. ಮಲಂಗಸಾಬ ಬೀಡಿ ಆರಿಸಲಿಲ್ಲ. "ರಾಯಚೂರಿನಿಂದ ಬಂದು ಆರಸಂತ ಹೇಳು" ಎಂದ.

ಗೋಪವ್ವನ ಅತ್ತೆ ವೆಂಕಮ್ಮ ಗುಳಿಗೆಯ ಭಾಗವನ್ನು ಮತ್ತೆ ಮತ್ತೆ ಓದಿಸಿದಳು. ನಿನಗೆ ಗೊತ್ತಲ್ಲ, ಬಾಯಿ ಖಾರವಾದರೂ ಸೊಸೆಯನ್ನು ನೆಲಕ್ಕೆ ಬಿಡುವವಳಲ್ಲ. "ಬುರ್ಹಾನಪ್ಪಾ, ಹೆಸರು ಇನ್ನೊಮ್ಮಿ ಹೇಳು. ಸಲಪಾ? ಹಂಗಾರ ನೆನಪಿಡ್ತೀನಿ. ನನ್ನ ಮಗಾ ಮೌನಪ್ಪ ಎತ್ತಿನ ಹೆಸರೇ ಮರೀತಾನ, ಇದನ್ನೇನು ನೆನಪಿಡ್ತಾನ!" ಎಂದಳು. ಕಟ್ಟೆಯೆಲ್ಲ ನಕ್ಕಿತು. ಮೌನಪ್ಪನೂ ನಕ್ಕ.

ಗೋಪವ್ವ ನಗಲಿಲ್ಲ. ಎಲ್ಲರೂ ಹೋದ ಮೇಲೆ ಬಂದು, "ಅಣ್ಣಾರ, ನಮ್ಮಣ್ಣ ಬರೂದು ಎಂದು?" ಎಂದು ಕೇಳಿದಳು. ಪರೀಕ್ಷೆ ಮುಗಿಸಿ ಎಂದೆ. ಬೆರಳು ಮಡಚಿ ಲೆಕ್ಕ ಹಾಕಿ, "ನಾ ಅಷ್ಟೊತ್ತಿಗೆ ಹಡೆದಿರ್ತೀನಿ" ಎಂದಳು.

ಒಂದು ಮಾತು. ನೀನು ಬರೆದದ್ದು ಏಜೆಂಟನ ಕಾಗದದಲ್ಲಿ ಇದ್ದದ್ದೋ, ಪುಸ್ತಕದಲ್ಲಿ ಇದ್ದದ್ದೋ? ಇಲ್ಲಿ ಜನ ನಿನ್ನ ಮಾತನ್ನು ಆಡಿದ ಹಾಗೆಯೇ ಎತ್ತಿಕೊಳ್ಳುತ್ತಾರೆ. ಆ ಗುಳಿಗೆಗೆ ಪಥ್ಯ ಗಿಥ್ಯ ಏನಾದರೂ ಇದ್ದರೆ ಬರೆ.

ನಿನ್ನ ಬುರ್ಹಾನ್

*

ರಾಯಚೂರು
೨೮ ಮಾರ್ಚ್ ೧೯೪೬

ಅನುಮಾನದ ಅವತಾರವೇ, ಬುರ್ಹಾನುದ್ದೀನಾ!

ಏಜೆಂಟನ ಕಾಗದವೋ ಪುಸ್ತಕವೋ ಎಂದು ಕೇಳುತ್ತೀಯ. ನೀನೇನು ಅಲ್ಲಾಉದ್ದೀನ್ ಸಾಹೇಬರ ಕಿವಿಗೆ ಕಡ್ಡಿ ಚುಚ್ಚಿದೆಯಾ? ನಿನ್ನೆ ತರಗತಿಯಲ್ಲಿ ನಿನ್ನ ಹಾಗೆಯೇ ಶುರುಮಾಡಿದರು. "ಔಷಧದ ಬಗ್ಗೆ ಯಾರೇ ಮಾತಾಡ್ಲಿ, ಮೊದಲ ಅವರ ಕಿಸೆ ನೋಡು, ಆಮ್ಯಾಲೆ ಬಾಯಿ ನೋಡು. ಏಜೆಂಟನ ಕಾಗದ ಮಾರಾಕ ಬಂದದ್ದು. ಸಂಘದ ಪತ್ರಿಕಿ ದವಾಖಾನ್ಯಾಗ ಕಂಡದ್ದು ಹೇಳ್ತದ, ಒಳ್ಳೇದೂ ಕೆಟ್ಟದ್ದೂ. ಫಾರ್ಮಾಕೋಪಿಯಾ ಅನ್ನೋ ದವಾದ ಪುಸ್ತಕ ತೂಕ ಹೇಳ್ತದ. ಇವಿಷ್ಟೂ ನೋಡದ ಬಾಯಿ ತೆರಿಬ್ಯಾಡ."

ನಾನು ಸುಮ್ಮನಿರಲಾರದೆ, "ಸಾಹೇಬರ, ಫಾರ್ಮಾಕೋಪಿಯಾ ನಾಟಕಾ ಆಡಿದ್ರ ಮೊದಲ ಅಂಕಕ್ಕ ಜನಾ ಎದ್ದು ಹೋಗ್ತಾರ್ರೀ" ಎಂದೆ. ಎಲ್ಲರೂ ನಕ್ಕರು. ಅವರು ನಗಲಿಲ್ಲ. ಆದರೆ ನಿಜವಲ್ಲವೇ? ಬಣ್ಣದ ಕಾಗದ ಹಾಡುತ್ತದೆ, ದಪ್ಪ ಪುಸ್ತಕ ಇಂಗ್ಲಿಷಿನಲ್ಲಿ ಗೊಣಗುತ್ತದೆ. ಅದೂ ಸಂಘದ ಕಪಾಟಿನಲ್ಲಿ ಬೀಗದೊಳಗೆ ಇದೆ. ಸರದಿ ಬಂದಾಗ ಮಾತ್ರ ಮುಟ್ಟಬೇಕು. ಸಲ್ಫಾದ ಪಾಠ ಇನ್ನೂ ಬಂದಿಲ್ಲ, ಮೇ ತಿಂಗಳಿಗೆ ಬರುತ್ತದಂತೆ. ಬಂದಾಗ ಪಥ್ಯವನ್ನೂ ಹೇಳುತ್ತೇನೆ, ಅವಸರವೇನು?

ಸಂಘ ಎಂದೆನಲ್ಲ, ಅದೊಂದು ಸುದ್ದಿ ಇದೆ. ರಾಯಚೂರಿನ ಕಂಪೌಂಡರುಗಳೆಲ್ಲ ಸೇರಿ ಒಂದು ಸಂಘ ಕಟ್ಟಿಕೊಂಡಿದ್ದಾರೆ. ಶುಕ್ರವಾರದ ರಜೆಗೆ ತೀನ್ ಕಂದೀಲ್ ಹತ್ತಿರದ ಒಂದು ಮಾಳಿಗೆಯಲ್ಲಿ ಕೂಡುತ್ತಾರೆ. ಮದರಾಸು, ಕಲಕತ್ತೆಗಳಿಂದ ಪತ್ರಿಕೆ ತರಿಸುತ್ತಾರೆ. ಹಳ್ಳಿಗಳಲ್ಲಿ ಯಾರು ಬೇಕಾದರೂ ಔಷಧಿ ಮಾರುವುದು ನಿಲ್ಲಬೇಕು, ಕಂಪೌಂಡರಿಗೆ ಕಾಯ್ದೆ ಬೇಕು ಎಂದು ಅರ್ಜಿ ಬರೆಯುತ್ತಾರೆ. ಜೂನಿನಲ್ಲಿ ವಾರ್ಷಿಕ ಸಭೆ. ಅಲ್ಲಿ ಹೊಸಬರ ಪರವಾಗಿ ಮಾತಾಡುವವನು ಯಾರು? ಒಂದು ಗಂಟಲು, ಒಂದೇ ಗಂಟಲು. ನೀವು ಊಹಿಸಿದ್ದೀರಿ!

ಗೋಪವ್ವನಿಗೆ ಹೇಳು, ಬೆರಳು ಲೆಕ್ಕ ಸಾಕು. ನಾನು ಬರುವಾಗ ಕೂಸಿಗೆ ತೊಟ್ಟಿಲ ಗಿಲಕಿ ತರುತ್ತೇನೆ.

ಪಕೀರಪ್ಪ

*

ದೇವದುರ್ಗ
೨೦ ಏಪ್ರಿಲ್ ೧೯೪೬

ಪ್ರಿಯ ಪಕೀರಪ್ಪ,

ಮೊದಲು ಸಿಹಿ. ಗೋಪವ್ವ ಹೆಣ್ಣು ಹಡೆದಳು. ಕೂಸು ಅತ್ತರೆ ನಿನ್ನದೇ ಗಂಟಲು. ಓಣಿಯ ನಾಯಿಗಳು ಎದ್ದು ನೋಡುತ್ತವೆ.

ಇನ್ನು, ಅಂಜಬೇಡ, ಅಂಜುವ ಕಾಲ ದಾಟಿತು. ಹಡೆದ ಮೂರನೆಯ ದಿನಕ್ಕೆ ಜ್ವರ ಬಂತು. ಚಳಿ ಹಿಡಿದು ಹಲ್ಲು ಕಟಕಟ ಎನ್ನುತ್ತಿದ್ದವು. ನಾಲ್ಕನೆಯ ದಿನ ಏನೇನೋ ಮಾತಾಡಿದಳು, ನಿಮ್ಮವ್ವನನ್ನು ಕರೆದಳು. ಇಲ್ಲಿಯ ದವಾಖಾನೆಯ ಡಾಕ್ಟರರು ರಜೆಯ ಮೇಲೆ ಹೈದರಾಬಾದಿಗೆ ಹೋಗಿದ್ದಾರೆ. ವೆಂಕಮ್ಮ ನನ್ನ ಅಂಗಡಿಗೆ ಓಡಿ ಬಂದಳು. "ಬುರ್ಹಾನಪ್ಪಾ, ಸಲಪಾ! ಸಲಪಾ ತಾ ನನ್ನಪ್ಪಾ!" ನಾನು ಮಿಷಿನ್ ಬಿಟ್ಟು ಎದ್ದೆ. ಮೌನಪ್ಪನೂ ನಾನೂ ಮಾನ್ವಿಗೆ ಹೋದೆವು. ಅಲ್ಲಿಯ ಔಷಧಿ ಅಂಗಡಿಯಲ್ಲಿ ಲಡಾಯಿಯಲ್ಲಿ ಮಿಕ್ಕ ಮಿಲಿಟರಿ ಡಬ್ಬಿಯಿಂದ ಎಣಿಸಿ ಕೊಟ್ಟರು. ಕಾಗದ ಗೀಗದ ಏನೂ ಇರಲಿಲ್ಲ. ಮುಂಜಾನೆ, ಮಧ್ಯಾಹ್ನ, ಸಂಜೆ, ರಾತ್ರಿ ಕೊಡಿ ಎಂದ, ಅಷ್ಟೇ.

ಪಕೀರಪ್ಪ, ನಿನ್ನ ಬಾಯಿಗೆ ಸಕ್ಕರೆ ಹಾಕಬೇಕು. ನಿನ್ನೆ ಜ್ವರ ಇಳಿಯಿತು. ಗೋಪವ್ವ ಕಣ್ಣು ತೆರೆದು ಕೂಸು ಎಲ್ಲಿ ಎಂದಳು. ವೆಂಕಮ್ಮ ನನ್ನ ಅಂಗಡಿಯ ಮುಂದೆ ನಿಂತು ರಾಯಚೂರಿನ ದಿಕ್ಕಿಗೆ ಕೈಮುಗಿದಳು. ಅವಳ ತಂಗಿ ಬಸ್ಸಮ್ಮ ಮಾನ್ವಿಯಿಂದ ಬಾಣಂತಿ ನೋಡಲು ಬಂದಿದ್ದಾಳೆ. ನಿನ್ನ ಪತ್ರವನ್ನು ಕಣ್ಣಿಗೆ ಒತ್ತಿಕೊಂಡಳು.

ಗುಳಿಗೆ ಇನ್ನೂ ಉಳಿದಿವೆ, ಕೊಡುತ್ತಿದ್ದೇವೆ. ಪಥ್ಯ ಬಿಗಿಯಾಗಿದೆ. ನಮ್ಮ ಕಡೆಯ ಪದ್ಧತಿ ನಿನಗೆ ಗೊತ್ತೇ ಇದೆ, ಹಸಿ ಬಾಣಂತಿಗೆ ನೀರು ಆಗದು. ಹೊಟ್ಟೆ ಬರುತ್ತದೆ, ನಂಜಾಗುತ್ತದೆ. ಊಟದ ಮೇಲೆ ಬಾಯಿ ನೆನೆಯುವಷ್ಟು ಕಾಸಿದ ನೀರು, ಅದೂ ವೆಂಕಮ್ಮನೇ ಅಳೆದು ಕೊಡುತ್ತಾಳೆ. ಈ ಬಿಸಿಲಿಗೆ ಗೋಪವ್ವ ಒದ್ದಾಡುತ್ತಾಳೆ. "ಅಣ್ಣಗ ಬರೀರಿ, ಗಿಲಕಿ ಬ್ಯಾಡ, ಒಂದು ಕೊಡಾ ನೀರು ಹೊತ್ತುಕೊಂಡು ಬರ್ಲಿ" ಎನ್ನುತ್ತಾಳೆ. ನಗುವಷ್ಟು ಆಗಿದ್ದಾಳೆ, ನೋಡು.

ನಿನ್ನ ಬುರ್ಹಾನ್

*

ರಾಯಚೂರು
೨೩ ಏಪ್ರಿಲ್ ೧೯೪೬

ಜಯ! ಜಯ! ಜಯ!

ಕಟ್ಟೆ ತುಂಬಲಿ! ಕರೆಯಿರಿ ಎಲ್ಲರನ್ನೂ! ಸೋತಿತು ಜ್ವರ, ಮಣ್ಣು ಮುಕ್ಕಿತು! ನಮ್ಮವ್ವನನ್ನು ಒಯ್ದ ಹಗೆ ನನ್ನ ತಂಗಿಯ ಹೊಸಿಲಿನಿಂದ ಹಿಂದಿರುಗಿ ಓಡಿತು! ಬುರ್ಹಾನ್, ಪತ್ರ ಓದಿ ನಾನು ದವಾಖಾನೆಯ ಅಂಗಳದಲ್ಲಿ ಕುಣಿದೆ. ಅಲ್ಲಾಉದ್ದೀನ್ ಸಾಹೇಬರು ಕಿಟಕಿಯಿಂದ, "ಏನಾತು ಬೇ, ಹಾವು ಕಡೀತೇನು?" ಎಂದರು. "ನಾನು ಮಾಮಾ ಆದೆ!" ಎಂದು ಕೂಗಿದೆ. ಗುಳಿಗೆಯ ಮಾತು ಹೇಳಲಿಲ್ಲ. ಪಾಠ ಬರುವ ಮೊದಲೇ ಬಾಯಿ ತೆರೆದೆ ಎಂದು ಬೈದಾರು ಎಂದುಕೊಂಡೆ.

ವೆಂಕಮ್ಮನವರೇ, ನಿಮ್ಮ ಪಾದಕ್ಕೆ ಇಲ್ಲಿಂದಲೇ ಬೀಳುತ್ತೇನೆ. ತಾಯಿಲ್ಲದ ನನ್ನ ತಂಗಿಗೆ ತಾಯಿಯಾದಿರಿ. ಗೋಪವ್ವಾ, ಕೇಳು! ಗುಳಿಗೆ ಒಂದೂ ಬಿಡದೆ ಮುಗಿಸು. ಅತ್ತೆ ಹಾಕಿದ ಪಥ್ಯ ಒಂದು ಕೂದಲೆಳೆಯಷ್ಟೂ ಮೀರಬೇಡ. ನೀರು ನೀರು ಎಂದು ಹಟ ಮಾಡಬೇಡ, ಸಣ್ಣವಳಿದ್ದಾಗಲೂ ನೀನು ಹಾಗೆಯೇ, ಹಂಡೆಯಲ್ಲಿ ತಲೆ ಇಟ್ಟವಳು. ತಡೆದುಕೋ. ಇದು ಬರೀ ಅಣ್ಣನ ಮಾತಲ್ಲ, ಕಂಪೌಂಡರನ ಆಜ್ಞೆ!

ಮಹಾಜನರೇ, ಯಾರ ಮನೆಯಲ್ಲಿ ಬಸುರಿ ಇದ್ದಾಳೋ ಅವರೆಲ್ಲ ಇದನ್ನು ಕಿವಿಗೊಟ್ಟು ಕೇಳಿ, ನೆನಪಿಡಿ!

ಪಕೀರಪ್ಪ

*

ರಾಯಚೂರು
೨ ಮೇ ೧೯೪೬

ಬುರ್ಹಾನ್,

ನಿನ್ನ ಉತ್ತರ ಬರಲಿಲ್ಲ. ಲಗ್ನದ ಕಾಲ, ಕುಪ್ಪಸ ಹೊಲಿಯುವ ಗಡಿಬಿಡಿ ಇರಬೇಕು.

ಇದನ್ನು ಕಟ್ಟೆಯ ಮೇಲೆ ಓದಬೇಡ. ನೀನೊಬ್ಬನೇ ಓದು. ಇವತ್ತು ಸಲ್ಫಾದ ಪಾಠ ಆಯಿತು. ಸಾಹೇಬರು ಸಂಘದ ಪತ್ರಿಕೆ ತೆರೆದು ನಿಧಾನಕ್ಕೆ ಓದಿದರು. ಒಳ್ಳೆಯದೆಲ್ಲ ಏಜೆಂಟ್ ಹೇಳಿದ ಹಾಗೆಯೇ ಇದೆ, ಸುಳ್ಳಲ್ಲ. ಆಮೇಲೆ ಒಂದು ಮಾತು ಬಂತು. ಈ ಗುಳಿಗೆ ತಿನ್ನುವವರು ಬಹಳ ನೀರು ಕುಡಿಯಬೇಕಂತೆ. ತಂಬಿಗೆಗಟ್ಟಲೆ. ಸೋಡಾಪುಡಿಯನ್ನೂ ಕೂಡಿಸಿ ಕೊಡಬೇಕಂತೆ. ಇಲ್ಲದಿದ್ದರೆ ಗುಳಿಗೆಯ ಸತ್ವ ಮೂತ್ರಪಿಂಡದೊಳಗೆ ಉಸುಕಿನ ಹಾಗೆ ಕಟ್ಟುತ್ತದಂತೆ, ಮೂತ್ರ ನಿಲ್ಲುತ್ತದಂತೆ. ಬಿಸಿಲ ಸೀಮೆಯಲ್ಲಿ ಇನ್ನೂ ಬೇಗ. ಸಾಹೇಬರು ಪುಟ ಮಡಚಿ, "ಬರಕೋರಿ. ನೀರಿಲ್ಲದ ಈ ಗುಳಿಗಿ ಕೊಡೋದಕ್ಕಿಂತ ಕೊಡದಿದ್ರ ಲೇಸು" ಎಂದರು.

ಗೋಪವ್ವನಿಗೆ ಜ್ವರ ಇಳಿದು ಎಷ್ಟೋ ದಿನ ಆಯಿತಲ್ಲ. ಗುಳಿಗೆ ಮುಗಿದಿರಬೇಕು. ಏನೂ ಆಗಿಲ್ಲ, ಆಗಿದ್ದರೆ ನೀನು ಬರೆಯುತ್ತಿದ್ದೆ. ಆದರೂ ಇಂದೇ ಹೋಗಿ ನೀರು ಕುಡಿಸು. ಅತ್ತೆ ಏನೇ ಅನ್ನಲಿ, ಕುಡಿಸು. ನಾನು ಪಥ್ಯ ಹಿಡಿ ಎಂದು ಬರೆದಿದ್ದೆ, ಅದನ್ನು ಓದಿದೆಯಾ? ಓದಿರದಿದ್ದರೆ ಒಳ್ಳೆಯದು. ಒಂದು ಸಾಲು ಬರೆ. ನಾನೇ ಬರುತ್ತಿದ್ದೆ, ನಾಡಿದ್ದು ಪರೀಕ್ಷೆ ಶುರು, ರಜೆ ಕೊಡುವುದಿಲ್ಲ. ಒಂದೇ ಸಾಲು ಸಾಕು.

ಪಕೀರಪ್ಪ

*

ದೇವದುರ್ಗ
೮ ಮೇ ೧೯೪೬

ಪ್ರಿಯ ಪಕೀರಪ್ಪ,

ಪತ್ರ ಮುಟ್ಟಿತು. ನೀರಿನ ವಿಷಯ ಓದಿದೆ. ನೀನು ಹೇಳಿದ ಹಾಗೆ ಒಬ್ಬನೇ ಓದಿದೆ.

ಕೂಸು ಚೆನ್ನಾಗಿದೆ. ಖತೀಜಾ ನೋಡಿಕೊಳ್ಳುತ್ತಾಳೆ. ಪರೀಕ್ಷೆ ಮುಗಿಯುವ ತನಕ ಅಣ್ಣ ಬರುವುದು ಬೇಡ ಎಂದು ಗೋಪವ್ವ ಹೇಳಿದ್ದಾಳೆ. ಬಿಸಿಲು ಬಹಳ ಇದೆ. ಚೆನ್ನಾಗಿ ಬರೆ.

ಬುರ್ಹಾನ್

*

ರಾಯಚೂರು
೨೬ ಮೇ ೧೯೪೬

ಪಾಸು! ಪಾಸು! ಬುರ್ಹಾನುದ್ದೀನಾ, ಮಿಷಿನ್ ನಿಲ್ಲಿಸು, ಗಂಟಲು ಸರಿಮಾಡಿಕೋ, ಪಾಸು!

ನಿನ್ನ ಆ ಒಣ ಪತ್ರ ಕಿಸೆಯಲ್ಲಿಟ್ಟುಕೊಂಡೇ ಉಳಿದ ಪರೀಕ್ಷೆ ಬರೆದೆ. ಎಂಥ ಜಿಪುಣ ಪತ್ರ ಅದು! ಕಟ್ಟೆಯ ಸುದ್ದಿಯಿಲ್ಲ, ಮಲಂಗಸಾಬನ ಬೈಗುಳವಿಲ್ಲ. ನಾನು ನಿನ್ನ ಅನುಮಾನವನ್ನು ಹಾಸ್ಯ ಮಾಡಿದ್ದಕ್ಕೆ ಸಿಟ್ಟಾಗಿದ್ದೀಯ, ಗೊತ್ತಾಯಿತು. ಆಗಲಿ, ತಪ್ಪಾಯಿತು. ನೀನು ಕೇಳಿದ್ದೇ ಸರಿ, ಪುಸ್ತಕವೇ ದೊಡ್ಡದು. ಮೌಖಿಕದಲ್ಲಿ ಏನು ಕೇಳಿದರು ಬಲ್ಲೆಯಾ? ಸಲ್ಫಾ ಕೊಡುವಾಗ ಹೇಳಬೇಕಾದ ಎಚ್ಚರಿಕೆ ಏನು ಎಂದು! ನಾನು ಎದೆಯುಬ್ಬಿಸಿ, "ನೀರು, ಸಾಹೇಬರ! ನೀರು!" ಎಂದೆ. ಪರೀಕ್ಷಕರು ಪೆನ್ನು ಕೆಳಗಿಟ್ಟು ನಕ್ಕರು. ಅಲ್ಲಾಉದ್ದೀನ್ ಸಾಹೇಬರು ನನ್ನ ಬೆನ್ನು ತಟ್ಟಿದ್ದು ಇದೇ ಮೊದಲು.

ಖತೀಜಾ ಭಾಭಿ ಯಾಕೆ ಕೂಸು ನೋಡಿಕೊಳ್ಳಬೇಕು? ನಮ್ಮ ಗೋಪವ್ವ ರಾಣಿಯಾಗಿ ಮಂಚದ ಮೇಲೆ ಮಲಗಿದ್ದಾಳೇನು? ಏಳಿಸು ಅವಳನ್ನು! ಗಿಲಕಿ ಕೊಂಡಿದ್ದೇನೆ, ಹಸಿರು ಬಣ್ಣದ್ದು. ಜೂನ್ ಏಳಕ್ಕೆ, ಶುಕ್ರವಾರ, ಸಂಘದ ಸಭೆ, ನನ್ನ ಭಾಷಣ. ಸಭೆಯಲ್ಲೇ ಸರ್ಟಿಫಿಕೇಟ್ ಕೈಗೆ ಕೊಡುತ್ತಾರಂತೆ. ಮರುದಿನ ದೇವದುರ್ಗ. ನೀರು ಎಳೆದು ಹಂಡೆ ತುಂಬಿಡಲು ಗೋಪವ್ವನಿಗೆ ಹೇಳು, ಅಣ್ಣನಿಗೆ ಸ್ನಾನ ಬೇಕು.

ಪಕೀರಪ್ಪ, ಕಂಪೌಂಡರ್

*

ದೇವದುರ್ಗ
೨ ಜೂನ್ ೧೯೪೬

ಪಕೀರಪ್ಪ,

ಎಲ್ಲಾದರೂ ಕುಳಿತು ಓದು.

ಗೋಪವ್ವ ಇಲ್ಲ. ಏಪ್ರಿಲ್ ಇಪ್ಪತ್ತೊಂಬತ್ತು, ಸೋಮವಾರ ಮುಂಜಾನೆ ಹೋದಳು. ಮಣ್ಣು ಮಾಡಿದೆವು. ಮೌನಪ್ಪನ ಹೆಗಲಿನ ಜೊತೆ ನಾನೂ ಹೆಗಲು ಕೊಟ್ಟೆ, ನಿನ್ನ ಬದಲಿಗೆ.

ಜ್ವರದಿಂದ ಅಲ್ಲ. ಜ್ವರ ಮತ್ತೆ ಬರಲೇ ಇಲ್ಲ. ಬೆನ್ನಿನ ಕೆಳಗೆ ಹಿಂಡಿದ ಹಾಗಾಗುತ್ತದೆ ಎಂದಳು. ಮೂತ್ರ ಕೆಂಪಾಯಿತು. ಉಷ್ಣ ಎಂದರು. ಆಮೇಲೆ ನಿಂತೇ ಹೋಯಿತು. ಮುಖ ಬಾತಿತು, ಕಣ್ಣು ತೆರೆಯಲಿಲ್ಲ. ಬಂಡಿ ಕಟ್ಟಿ ರಾಯಚೂರಿಗೆ ಒಯ್ಯುತ್ತೇನೆ ಎಂದು ಮೌನಪ್ಪ ಎತ್ತು ಹೂಡುವುದರೊಳಗೆ ಮುಗಿಯಿತು.

ಎಚ್ಚರ ಇದ್ದಾಗ ನನಗೂ ಮೌನಪ್ಪನಿಗೂ ಹೇಳಿದಳು. "ನಂಗೇನರ ಆದ್ರ ನಮ್ಮಣ್ಣಗ ಪರೀಕ್ಷಾ ಮುಗಿಯೂತನಕ ತಿಳಸಬ್ಯಾಡ್ರಿ. ಅವಗ ಅಳು ಬಂದ್ರ ಮಾತು ಮರೀತಾನ. ಒಮ್ಮೆ ನಾಟಕದಾಗೂ ಹಂಗ ಮಾಡ್ಯಾನ." ಅದಕ್ಕೇ ಬರೆಯಲಿಲ್ಲ. ಎಂಟನೆಯ ತಾರೀಖಿನ ಪತ್ರದಲ್ಲಿ ನಾನು ಬರೆದದ್ದು ಸುಳ್ಳಲ್ಲ, ಆದರೆ ಸುಳ್ಳಿಗಿಂತ ಕೆಟ್ಟದ್ದು, ಗೊತ್ತು. ಕೂಸಿಗೆ ಖತೀಜಾ ತನ್ನ ಮಗನ ಜೊತೆ ಹಾಲು ಕೊಡುತ್ತಿದ್ದಾಳೆ.

ಇನ್ನೊಂದು ಇದೆ. ಇದನ್ನು ಬರೆಯುವುದು ಬೇಡ ಎಂದು ಬಹಳ ಹೆಣಗಿದೆ. ಆದರೆ ನೀನು ಇಲ್ಲಿಗೆ ಬಂದರೆ ಖತೀಜಾ ನಿನ್ನ ಮುಖ ನೋಡುವುದಿಲ್ಲ, ಕಾರಣ ನಿನಗೆ ತಿಳಿದಿರಬೇಕು. ಗೋಪವ್ವನ ಒದ್ದಾಟ ನೋಡಲಾರದೆ ಖತೀಜಾ ಬುರ್ಖಾದೊಳಗೆ ತಂಬಿಗೆ ಮುಚ್ಚಿಕೊಂಡು ಹೋಗಿ, ವೆಂಕಮ್ಮ ಹಿತ್ತಲಿಗೆ ಹೋದಾಗ ಎರಡು ದಿನ ನೀರು ಕುಡಿಸಿದ್ದಳು. ಮೂರನೆಯ ದಿನ ನಿನ್ನ ಜಯದ ಪತ್ರ ಬಂತು. ಕಟ್ಟೆಯ ಮೇಲೆ ಓದಿದೆ. ವೆಂಕಮ್ಮ ಮನೆಗೆ ಕರೆದೊಯ್ದು ಬಾಣಂತಿಯ ಕೋಣೆಯ ಬಾಗಿಲಲ್ಲಿ ಮತ್ತೊಮ್ಮೆ ಓದಿಸಿದಳು. ನಿನ್ನ ಗಂಟಲಿನಿಂದಲೇ ಓದಿದೆ ಪಕೀರಪ್ಪ, ಗೋಪವ್ವ ನಕ್ಕಳು. ಅಂದು ಸಂಜೆ ಖತೀಜಾ ತಂಬಿಗೆ ತುಟಿಗೆ ಹಿಡಿದರೆ ಕೈಯಿಂದ ಸರಿಸಿದಳು. "ಬ್ಯಾಡ ಭಾಭಿ. ಅಣ್ಣ ಬ್ಯಾಡಂದಾನ."

ನೀರಿನ ಬಗ್ಗೆ ನೀನು ಬರೆದ ಪತ್ರ ಬಂದಾಗ ಮಣ್ಣು ಇನ್ನೂ ಹಸಿ ಇತ್ತು. ನನ್ನ ಹೊರತು ಇಲ್ಲಿ ಯಾರಿಗೂ ಅದು ಗೊತ್ತಿಲ್ಲ. ಖತೀಜಾಳಿಗೂ ನೀರಿನ ಗುಟ್ಟು ಹೇಳಿಲ್ಲ, ಅವಳ ಸಿಟ್ಟು ಗೋಪವ್ವ ಬಾಯಾರಿ ಹೋದಳು ಎಂಬುದಕ್ಕೆ ಮಾತ್ರ. ವೆಂಕಮ್ಮ ದೃಷ್ಟಿ ತಾಗಿತು ಎನ್ನುತ್ತಾಳೆ, ಕೂಸಿನ ಬಟ್ಟೆ ಹಿಡಿದು ಕೂಡುತ್ತಾಳೆ. ತನ್ನ ಕೈಯ ಅಳತೆಯೇ ಸೊಸೆಯನ್ನು ಕೊಂದಿತು ಎಂದು ಆ ಮುದುಕಿಗೆ ಹೇಗೆ ಹೇಳಲಿ? ಕೇಳಿದರೆ ಅವಳು ಉಳಿಯುವುದಿಲ್ಲ. ಹೇಳದೆ ನಾನು ಉಳಿಯುತ್ತಿಲ್ಲ. ಮೊನ್ನೆ ಬಸ್ಸಮ್ಮ ಹೇಳಿ ಕಳಿಸಿದ್ದಳು. ಜ್ವರ ಇಳಿದಾಗ ನಮ್ಮಿಂದ ಗುಳಿಗೆಯ ಹೆಸರು ಕೇಳಿಕೊಂಡು ಹೋಗಿ, ಮಾನ್ವಿಯಲ್ಲಿ ಒಂದು ಪೊಟ್ಟಣ ಕೊಂಡು ದೇವರ ಗೂಡಿನಲ್ಲಿ ಇಟ್ಟಿದ್ದಾಳಂತೆ. ಅವಳ ಸೊಸೆಗೂ ದಿನ ತುಂಬಿದೆ. ಬಾಯಿ ಬಿಟ್ಟರೆ ಅಕ್ಕನಿಗೆ ಮುಟ್ಟುತ್ತದೆ ಎಂದು ಅವಳಿಗೂ ನಾನು ಏನೂ ಹೇಳಲಿಲ್ಲ.

ಬುರ್ಹಾನ್

*

ರಾಯಚೂರು
೬ ಜೂನ್ ೧೯೪೬

ಬುರ್ಹಾನ್,

ಪತ್ರ ಇವತ್ತು ಮಧ್ಯಾಹ್ನ ಮುಟ್ಟಿತು. ಔಷಧಿ ಕೊಡುವ ಕಿಟಕಿಯಲ್ಲಿ ನಿಂತು ಓದಿದೆ. ಹೊರಗೆ ಸಾಲಿನಲ್ಲಿದ್ದ ಮುದುಕನೊಬ್ಬ, "ಯಪ್ಪಾ, ನನ್ನ ಬಾಟ್ಲಿ" ಎಂದ. ಕೊಟ್ಟೆ. ಎಷ್ಟು ಸಲ ಕುಡಿಯಬೇಕೆಂದು ಕೇಳಿದ. ಅವನು ಎರಡು ಸಲ ಕೇಳಿ, ಮೂಕ ಎಂದುಕೊಂಡು, ಮುಂದಿನವನನ್ನು ಕೇಳುತ್ತ ಹೋದ. ಅಲ್ಲಾಉದ್ದೀನ್ ಸಾಹೇಬರು ಓಡಿ ಹೋಗಿ ಅವನನ್ನು ಹಿಡಿದು ಹೇಳಿ ಬಂದರು. ಆಮೇಲೆ ನನ್ನನ್ನು ಒಳಗೆ ಕೂಡಿಸಿದರು.

ಎಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಹಿಡಿದುಕೊಳ್ಳಲು ಒಂದು ಆಸರೆ ಸಿಗುತ್ತಿತ್ತು. ಅವರು, "ಮಾನ್ವಿ ಹೆಣ್ಣುಮಗಳು ಹಡೆದಾಳೋ ಇಲ್ಲೋ?" ಎಂದರು. ಗೊತ್ತಿಲ್ಲ ಎಂದೆ. "ಹಂಗಾರ ಇಲ್ಲಿ ಯಾಕ ಕುಂತಿ?" ಎಂದರು. ಬಸ್ ನಿಲ್ದಾಣಕ್ಕೆ ಓಡಿದೆ. ಮಾನ್ವಿಯ ಇವತ್ತಿನ ಬಸ್ಸು ಹೋಗಿಬಿಟ್ಟಿತ್ತು. ಅಲ್ಲಿಯೇ ಕುಳಿತು ಇದನ್ನು ಬರೆಯುತ್ತಿದ್ದೇನೆ.

ನಮ್ಮವ್ವನನ್ನು ಜ್ವರ ಒಯ್ದಿತು. ಆಗ ನಾನು ಚಿಕ್ಕವನು, ಏನೂ ತಿಳಿಯದವನು. ತಿಳಿದವನಾದ ಮೇಲೆ ಅವಳ ಮಗಳನ್ನು ನಾನೇ ಒಯ್ದೆ. ನೀರು ಎಂದು ಬಾಯಿ ತೆರೆದವಳಿಗೆ ಆಜ್ಞೆ ಕೊಟ್ಟೆ. ಆ ಮಾತನ್ನು ಯಾವ ಪುಸ್ತಕದಿಂದಲೂ ತೆಗೆಯಲಿಲ್ಲ. ಏಜೆಂಟನ ಕಾಗದದಲ್ಲಿ ಸಹ ಇರಲಿಲ್ಲ. ಸಾಲಿಗೆ ಒಂದು ಅಬ್ಬರ ಬೇಕಿತ್ತು, ಬರೆದೆ. ಜನ ನಕ್ಕಿರಬೇಕು. ಅವಳೂ ನಕ್ಕಳು ಎಂದು ನೀನು ಬರೆದಿದ್ದೀಯ. ಅದೊಂದನ್ನು ನೀನು ಬರೆಯಬಾರದಿತ್ತು, ಬುರ್ಹಾನ್.

ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಬರುವಷ್ಟು ಜೀವ ಇಲ್ಲ. ಆದರೆ ಬಸ್ಸಮ್ಮನಿಗೆ ಹೇಳಬೇಕಿತ್ತು. ಮುದುಕಿಯನ್ನು ಉಳಿಸಲು ಹೋಗಿ ನೀನು ಇನ್ನೊಂದು ಮನೆಯ ಗೂಡಿನಲ್ಲಿ ಆ ಪೊಟ್ಟಣ ಹಾಗೆಯೇ ಉಳಿಯಲು ಬಿಟ್ಟೆ. ನಾನಾಗಿದ್ದರೂ ಹಾಗೆಯೇ ಮಾಡುತ್ತಿದ್ದೆನೇನೋ.

ಈ ಪತ್ರವನ್ನು ಜನ ಕೂಡಿಸಿ ಓದು. ಕೊನೆಯ ಸಾಲಿನವನಿಗೂ ಕೇಳುವ ಹಾಗೆ ಓದು. ಸಲ್ಫಾ ಗುಳಿಗೆ ತಿಂದವರು ತಂಬಿಗೆಗಟ್ಟಲೆ ನೀರು ಕುಡಿಯಬೇಕು. ಬಾಣಂತಿಯೂ ಕುಡಿಯಬೇಕು, ಬಾಣಂತಿಯೇ ಮೊದಲು ಕುಡಿಯಬೇಕು. ಡಾಕ್ಟರರನ್ನು ಕೇಳದೆ ಯಾರೂ ಅದನ್ನು ಮು‌ಟ್ಟಬಾರದು. ಪಕೀರಪ್ಪ ಅರ್ಧ ತಿಳಿದುಕೊಂಡು ಪೂರ್ತಿ ಕೂಗಿದ, ಅದರಿಂದ ಗೋಪವ್ವ ಸತ್ತಳು. ಹೀಗೆಯೇ ಓದು. ವೆಂಕಮ್ಮ ಕೇಳಿದರೆ, ಅತ್ತೆ ಮಾಡಿದ್ದು ಎಲ್ಲ ಅತ್ತೆಯರೂ ಮಾಡುವಂಥದ್ದು, ತಡೆಯಬೇಕಾದವನು ಅಣ್ಣ, ಅವನೇ ಹೂಂ ಅಂದ ಎಂದು ಹೇಳು. ಅದು ಸುಳ್ಳೂ ಅಲ್ಲ. ಹಗೆ ಬೇಕಾದರೆ ನನ್ನನ್ನು ಹಗೆ ಮಾಡಲಿ, ಅಷ್ಟರಿಂದ ಅವಳು ಕೂಸನ್ನು ಎತ್ತಿಕೊಳ್ಳುವಷ್ಟು ಉಳಿದರೆ ಸಾಕು.

ಖತೀಜಾ ಭಾಭಿ ನನ್ನ ಮುಖ ನೋಡುವುದು ಬೇಡ. ನಾನು ದೇವದುರ್ಗಕ್ಕೆ ಬರುವುದಿಲ್ಲ. ಯಾವಾಗ ಬಂದೇನು, ಬಂದೇನೋ ಇಲ್ಲವೋ, ಗೊತ್ತಿಲ್ಲ. ಕೂಸಿಗೆ ಹೆಸರು ಇಟ್ಟಿದ್ದೀರೋ ಎಂದು ಕೇಳಬೇಕು ಎನಿಸುತ್ತದೆ, ಕೇಳುವ ಬಾಯಿ ನನಗಿಲ್ಲ.

ನಾಳೆ ಸಂಘದ ಸಭೆ. ನನ್ನ ಹೆಸರು ಕೂಗುತ್ತಾರೆ, ಕೂಗಲಿ. ನಾಳೆ ಮುಂಜಾನೆ ಮೊದಲ ಬಸ್ಸಿಗೆ ಮಾನ್ವಿಗೆ ಹೋಗುತ್ತೇನೆ. ಬಸ್ಸಮ್ಮನ ಮನೆ ಯಾವ ಓಣಿಯಲ್ಲಿದೆಯೋ ತಿಳಿಯದು, ಕೇಳಿಕೊಂಡು ಹೋಗುತ್ತೇನೆ. ಒಳಗೆ ಬಿಡದಿದ್ದರೆ ಬಾಗಿಲಲ್ಲಿ ಕೂಡುತ್ತೇನೆ. ಆ ಹುಡುಗಿ ನನ್ನೆದುರಿಗೆ ಒಂದು ತಂಬಿಗೆ ನೀರು ಕುಡಿದು ಕೆಳಗಿಡುವ ತನಕ ಏಳುವುದಿಲ್ಲ.

ಪಕೀರಪ್ಪ